ಸ್ಟುಡಿಯೋದ ಹಳೇ ಮ್ಯಾಕ್

ಕಳ್ಳ ಕ್ಯಾಮೆರಾಗಳನ್ನು ಯಾಕೆ ಮುಟ್ಟಲಿಲ್ಲ?

ಇನ್ಸ್‌ಪೆಕ್ಟರ್ ಭೀಮರಾಜು ದೂರಿನ ಹಾಳೆಯನ್ನು ಎರಡನೇ ಸಲ ಕೈಗೆತ್ತಿಕೊಂಡಿದ್ದ, ಆದರೆ ಓದುತ್ತಿರಲಿಲ್ಲ. ತಲೆಯೊಳಗೆ ಆ ಒಂದು ಪ್ರಶ್ನೆ ಬಂದು ಕೂತುಬಿಟ್ಟಿತ್ತು. ಬೀರುವಿನಲ್ಲಿ ಎರಡು ಹೊಸ ಕ್ಯಾಮೆರಾ, ಅವುಗಳ ಲೆನ್ಸುಗಳು, ಮೇಜಿನ ಮೇಲೆ ಹೋದ ವರ್ಷವಷ್ಟೇ ತಂದ ಕಂಪ್ಯೂಟರು. ಅದನ್ನೆಲ್ಲ ಬಿಟ್ಟು ಮೇಜಿನ ಕೆಳಗಿದ್ದ ಇಪ್ಪತ್ತು ಕೆಜಿ ತೂಕದ ಹಳೇ ಪೆಟ್ಟಿಗೆಯನ್ನು ಹೊತ್ತುಕೊಂಡು ಹೋಗಿದ್ದಾರೆ. ಕದ್ದವನಿಗೆ ಬೆಲೆ ಗೊತ್ತಿರಲಿಲ್ಲವೋ, ಬೆಲೆಗಿಂತ ಬೇರೆ ಏನೋ ಗೊತ್ತಿತ್ತೋ? ಇಲ್ಲವೇ ಎದುರಿಗೆ ಕೂತು ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುತ್ತಿರುವ ಈ ಮನುಷ್ಯನೇ ಅರ್ಧ ಹೇಳಿ ಅರ್ಧ ನುಂಗಿದ್ದಾನೋ? ಭೀಮರಾಜುವಿಗೆ ಮಾತಿಗಿಂತ ಮಾತು ನಿಲ್ಲುವ ಜಾಗಗಳ ಮೇಲೆ ಹೆಚ್ಚು ನಂಬಿಕೆ. ಈತ ಆಗಲೇ ಎರಡು ಮೂರು ಕಡೆ ನಿಂತಿದ್ದ.

ಆಗಸ್ಟ್ 8, 2024, ಗುರುವಾರ, ಸಂಜೆ ಐದೂ ಕಾಲು. ತಿಪಟೂರು ನಗರ ಠಾಣೆ. ದೂರುದಾರ ಸೂರ್ಯಪ್ರಕಾಶ್, ಪೇಟೆ ಬೀದಿಯ ಡಿಜಿಟಲ್ ಸ್ಟುಡಿಯೋ ಒಂದರ ಮಾಲೀಕ. ಮಧ್ಯಾಹ್ನ ಎರಡಕ್ಕೆ ಬೀಗ ಹಾಕಿ ಊಟಕ್ಕೆ ಹೋದವನು ನಾಲ್ಕಕ್ಕೆ ಬಂದು ನೋಡಿದರೆ ಒಳಕೋಣೆಯ ಮೇಜಿನ ಕೆಳಗೆ ಧೂಳಿಲ್ಲದ ಒಂದು ಚೌಕ ಮಾತ್ರ ಉಳಿದಿತ್ತು.

"ಅದೇನ್ರೀ ಮ್ಯಾಕ್ ಅಂದ್ರೆ?" ಭೀಮರಾಜು ಕೇಳಿದ.

"ಆ್ಯಪಲ್ ಕಂಪನೀದು ಸಾರ್, ಪವರ್ ಮ್ಯಾಕ್ ಜಿ ಫೈವ್. ಒಂದು ಕಾಲದಲ್ಲಿ ಬೆಂಗಳೂರಲ್ಲಿ ಜಾಹೀರಾತು ಮಾಡೋರು, ಸಿನಿಮಾ ಎಡಿಟಿಂಗ್ ಮಾಡೋರು, ಅಂಥೋರ ಹತ್ರ ಇರ್ತಿತ್ತು ಅಷ್ಟೇ. ಅವ್ರು ಹೊಸಾದು ತಗಂಡಾಗ ಇದನ್ನ ನಾನು ತಂದೆ. ಮೈಯೆಲ್ಲ ಅಲ್ಯೂಮಿನಿಯಂ. ಮುಂದ್ಗಡೆ ಜರಡಿ ಥರ ತೂತು. ಮೇಲೆರಡು ಕೆಳಗೆರಡು ಹಿಡಿ. ಆನ್ ಮಾಡಿದ್ರೆ ಒಳಗಿರೋ ಫ್ಯಾನುಗಳ ಸದ್ದು ಬೀದೀಗ್ ಕೇಳ್ಸದು."

"ಈಗ್ಲೂ ಕೆಲಸಕ್ಕೆ ಬತ್ತದಾ?"

"ಚಿಕ್ಕಣ್ಣನಿಗೆ ಬತ್ತದೆ. ನಮ್ಮ ಡಿಸೈನರ್ ಅವ್ನು, ಇಪ್ಪತ್ತು ವರ್ಷದಿಂದ ನನ್ನತ್ರಾನೇ ಅವ್ನೆ. ಹಳೇ ಫೋಟೋ ಸರಿಮಾಡೋದು, ಆಲ್ಬಮ್ಮು, ಎಲ್ಲ ಅದ್ರಲ್ಲೇ. ಹಳೇ ಸಾಮಾನು ಕೂಡಿಡೋರು ಒಬ್ಬರು ಬಂದು ಹೋದ ತಿಂಗ್ಳು ಕೇಳಿದ್ರು ಸಾರ್. ಕೊಟ್ಬುಡಾನ ಅಂದ್ರೆ ಚಿಕ್ಕಣ್ಣ ಬ್ಯಾಡ ಅಂದ."

"ಬೀಗ ಒಡೆದಿಲ್ಲ. ಕೀಲಿ ಯಾರ್‍ಯಾರ ಹತ್ರ ಅವೆ?"

ಸೂರ್ಯಪ್ರಕಾಶ್ ಮತ್ತೆ ಕತ್ತು ಒರೆಸಿಕೊಂಡ. "ನಂದೊಂದು, ಚಿಕ್ಕಣ್ಣಂದೊಂದು. ಇನ್ನೊಂದು ಬಾಗಿಲ ಮೇಲಿನ ಮೀಟರ್ ಬಾಕ್ಸಲ್ಲಿ ಇರ್ತದೆ, ಯಾರು ಮೊದಲು ಬಂದ್ರೂ ತೆಗೀಲಿ ಅಂತ."

"ಬೀದೀಗೆಲ್ಲ ಗೊತ್ತಿರಬೇಕು," ಎಂದಳು ಪಕ್ಕದ ಮೇಜಿನಲ್ಲಿ ಎಫ್‌ಐಆರ್ ತುಂಬುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಗುರುಶಾಂತಮ್ಮ. "ಮತ್ತೆ ಬೀಗ ಯಾಕ್ರೀ ಹಾಕ್ತೀರಿ, ಅಂದಕ್ಕಾ?"

ಅವಳ ಮುಂದೆ ಹೊಸ ಕಾನೂನಿನ ಪುಸ್ತಕ ತೆರೆದಿತ್ತು. ಅದು ಜಾರಿಗೆ ಬಂದು ತಿಂಗಳು ದಾಟಿದ್ದರೂ ಠಾಣೆಯ ಬಾಯಿಗೆ ಇನ್ನೂ ಹಳೇ ಕಲಮುಗಳೇ ಬರುತ್ತಿದ್ದವು. ಭಾರತೀಯ ನ್ಯಾಯ ಸಂಹಿತೆ, ಕಲಂ 305, ಕಟ್ಟಡದೊಳಗಿನ ಕಳವು ಎಂದು ಬರೆದು ಅವಳು ತಲೆ ಎತ್ತುವಷ್ಟರಲ್ಲಿ ಬಿಳಿ ಪಂಚೆಯ ಹಿರಿಯರೊಬ್ಬರು ಕೇಳದೆ ಒಳಗೆ ಬಂದು ಕುರ್ಚಿ ಎಳೆದುಕೊಂಡರು. ಶೆಟ್ಟಿಕೆರೆಯ ಶಂಭುಲಿಂಗಯ್ಯ ಎಂದು ತಾವೇ ಹೇಳಿಕೊಂಡರು. ಸೂರ್ಯಪ್ರಕಾಶನ ಮುಖ ಬಿಳಿಚಿಕೊಂಡಿತು.

"ಇವ್ನು ನಿಮಗೆ ಪೂರ್ತಿ ಹೇಳಿರಲ್ಲ ಇನ್‌ಸ್ಪೆಕ್ಟ್ರೇ. ನಾನು ಹೇಳ್ತೀನಿ ಕೇಳಿ."

ಅವರು ಹೇಳಿದ್ದು ಇಷ್ಟು. ಅವರ ತಮ್ಮ ಮೋಹನ್ ಕುಮಾರ್ ತೀರಿಕೊಂಡು ಎಂಟು ವರ್ಷವಾಯಿತು. ಅವನ ತೋಟದ ಮನೆಯಲ್ಲಿ ಸುನಂದಾ ಎಂಬ ಹೆಂಗಸು ಇದ್ದಾಳೆ. ತಾನು ಅವನ ಹೆಂಡತಿ, ದೇವಸ್ಥಾನದಲ್ಲಿ ತಾಳಿ ಕಟ್ಟಿದ್ದ ಎಂದು ಚಿಕ್ಕನಾಯಕನಹಳ್ಳಿ ಕೋರ್ಟಿನಲ್ಲಿ ಪಾಲು ಕೇಳಿದ್ದಾಳೆ. ಅದಕ್ಕೆ ಅವಳ ಕಡೆಯವರು ಕೊಟ್ಟ ದೊಡ್ಡ ಸಾಕ್ಷಿ ಎಂದರೆ ಇಬ್ಬರೂ ಹಾರ ಹಾಕಿಕೊಂಡು ನಿಂತ ಒಂದು ಫೋಟೋ. ಅದು ಸ್ಟುಡಿಯೋದಲ್ಲಿ ಜೋಡಿಸಿದ ಫೋಟೋ ಎಂಬುದು ಶಂಭುಲಿಂಗಯ್ಯನವರ ವಾದ. ಕೋರ್ಟು ನೇಮಿಸಿದ ಕಮಿಷನರ್ ಸೋಮವಾರ ಸ್ಟುಡಿಯೋಗೆ ಬಂದು, ಎರಡೂ ಕಡೆಯವರ ಮುಂದೆ ಆ ಹಳೇ ಕಂಪ್ಯೂಟರಿನಲ್ಲಿರುವ ಮೂಲ ಫೈಲನ್ನು ತೆಗೆಸಿ ನೋಡುವವರಿದ್ದರು.

"ನೋಟೀಸ್ ನಿಮಗೆ ಬಂದಿತ್ತೇನ್ರೀ?" ಭೀಮರಾಜು ಸೂರ್ಯಪ್ರಕಾಶನ ಕಡೆ ತಿರುಗಿದ.

"ಬಂದಿತ್ತು ಸಾರ್. ಹೇಳುದ್ರೆ ನಾನೇ ಮಾಯ ಮಾಡ್ದೆ ಅಂತೀರ ಅಂತ..."

"ಇವ್ನಿಗೆ ಅಷ್ಟು ಧೈರ್ಯ ಎಲ್ಲೈತೆ," ಎಂದರು ಶಂಭುಲಿಂಗಯ್ಯ. "ಮಾಡಿಸಿರೋಳು ಅವ್ಳು. ಕರ್ಕಂಬಂದು ಎರಡು ದಿನ ಇಲ್ಲಿ ಕೂರಿಸ್ರಿ, ತಾನೇ ಬಾಯಿ ಬುಡ್ತಾಳೆ."

"ಅವರು ಇಲ್ಲಿ ಕೂತ್ರೆ ತೋಟದ ಮನೇಲಿ ಯಾರಿರ್ತಾರೆ?"

"ಯಾರೂ ಇರಲ್ಲ. ಮನೆ ನಮ್ದು, ಬೀಗ ಹಾಕ್ಕೋತೀವಿ."

ಮೋಡವಾಗಿದೆ ಎನ್ನುವಷ್ಟು ಸಲೀಸಾಗಿ ಅವರು ಅದನ್ನು ಹೇಳಿದರು. ಭೀಮರಾಜು ಪೆನ್ನನ್ನು ಮೇಜಿನ ಮೇಲಿಟ್ಟ. ಕಂಪ್ಯೂಟರು ಸಿಕ್ಕದಿದ್ದರೆ ಅನುಮಾನ ಆ ಹೆಂಗಸಿನ ಮೇಲೆ. ಅನುಮಾನದ ಮೇಲೆ ಅವಳನ್ನು ಒಂದು ಹಗಲು ಠಾಣೆಯಲ್ಲಿ ಕೂರಿಸಿದರೂ ಸಾಕು, ಸಂಜೆಗೆ ಅವಳಿಗೆ ಮನೆ ಇರುವುದಿಲ್ಲ. ಸೋಮವಾರದೊಳಗೆ ನಿಜವಾಗಿ ಕದ್ದವನು ಸಿಗಬೇಕು.

ಮರುದಿನ ಬೆಳಿಗ್ಗೆ ಅವನೂ ಗುರುಶಾಂತಮ್ಮನೂ ಶೆಟ್ಟಿಕೆರೆಗೆ ಹೋದರು. ತೋಟದ ದಾರಿಯ ಬಾಯಲ್ಲಿ ಇಬ್ಬರು ಬೈಕಿನ ಮೇಲೆ ಕೂತು ಪುರಿ ತಿನ್ನುತ್ತಿದ್ದರು. ಬೈಕಿನ ಹ್ಯಾಂಡಲಿಗೆ, ಇನ್ನೂ ಪ್ಲಾಸ್ಟಿಕ್ ಕವರು ಬಿಚ್ಚದ ದೊಡ್ಡ ಬೀಗವೊಂದು ನೇತಾಡುತ್ತಿತ್ತು. ಜೀಪು ಕಂಡು ಅವರು ಎದ್ದು ನಿಂತರು, ದಾರಿ ಬಿಟ್ಟರು, ಹೋಗಲಿಲ್ಲ.

"ಏನ್ರಪ್ಪಾ, ಬೀಗದ ವ್ಯಾಪಾರನಾ?" ಗುರುಶಾಂತಮ್ಮ ಜೀಪಿನಿಂದಲೇ ಕೇಳಿದಳು.

"ಶಂಭುಲಿಂಗಯ್ಯನೋರು ಇಲ್ಲೇ ಇರ್ರಿ ಅಂದವ್ರೆ ಮೇಡಂ."

ಸುನಂದಾಗೆ ನಲವತ್ತರ ಮೇಲಾಗಿತ್ತು. ಜಗುಲಿಯಲ್ಲಿ ಅವಲಕ್ಕಿ ಆರಿಸುತ್ತಿದ್ದವಳು ಮೊರ ಪಕ್ಕಕ್ಕಿಟ್ಟು ಎದ್ದಳು. ಒಳಗೆ ಗೋಡೆಯ ಮೇಲೆ ಆ ಫೋಟೋ ಇತ್ತು. ಬಿಳಿ ಅಂಗಿ ತೊಟ್ಟು ಹೆಗಲ ಮೇಲೆ ಟವೆಲ್ ಹಾಕಿದ ಗಂಡಸು, ಪಕ್ಕದಲ್ಲಿ ಹಸಿರು ಸೀರೆಯ ಅವಳು, ಇಬ್ಬರಿಗೂ ಸುಗಂಧರಾಜದ ಹಾರ. ಭೀಮರಾಜು ಬಹಳ ಹೊತ್ತು ನೋಡಿದ. ಎಲ್ಲೂ ಅಂಟಿಸಿದ್ದು ಗೊತ್ತಾಗುತ್ತಿರಲಿಲ್ಲ.

"ಕಂಪ್ಯೂಟರ್ ಕಳುವಾಗಿರೋದು ಗೊತ್ತಾ?"

"ಬೀಗ ಹಿಡ್ಕಂಡಿರೋರೇ ಹೇಳಿದ್ರು."

"ಈ ಫೋಟೋ ನಿಜವಾದ್ದಾ?"

"ಜೋಡಿಸಿದ್ದು," ಎಂದಳು ಅವಳು.

ಗುರುಶಾಂತಮ್ಮ ಭೀಮರಾಜುವಿನ ಮುಖ ನೋಡಿದಳು.

"ಬೆಟ್ಟದ ಮೇಲಿನ ದೇವಸ್ಥಾನದಲ್ಲಿ ತಾಳಿ ಕಟ್ಟಿದ್ರು ಸಾರ್, ಪೂಜಾರಪ್ಪ ಒಬ್ಬರಿದ್ರು, ಅವ್ರೂ ಹೋಗ್ಬುಟ್ರು. ಫೋಟೋ ಯಾರು ತೆಗೀತಾರೆ, ಇವರ ಮನೆಯೋರಿಗೆ ಹೆದರ್ಕಂಡು ಹೋದೋರು ನಾವು. ಹನ್ನೊಂದು ವರ್ಷ ಬಾಳುವೆ ಮಾಡಿದ್ವಿ, ಜೊತೇಲಿ ಒಂದು ಫೋಟೋ ಇರ್ಲಿಲ್ಲ. ಅವ್ರು ಹೋದ್ಮೇಲೆ ಅವ್ರ ಪಾಸ್‌ಪೋರ್ಟ್ ಸೈಜಿನ ಮುಖ ಒಂದಿತ್ತು, ನಮ್ಮಕ್ಕನ ಮಗಳ ಮದುವೇಲಿ ತೆಗೆಸಿದ್ದ ನಂದೊಂದಿತ್ತು. ತಗಂಡೋಗಿ ಕೊಟ್ಟೆ. ನಾನು ನೋಡ್ಕಳಕ್ಕೆ ಮಾಡಿಸಿದ್ದು ಅದು. ಕೋರ್ಟಿಗೆ ಅಲ್ಲ."

"ಮತ್ತೆ ಕೋರ್ಟಿಗೆ ಹೆಂಗೆ ಹೋಯ್ತು?"

"ವಕೀಲ್ರು ಗೋಡೇಲಿ ನೋಡಿ ಇದೊಂದು ಸಾಕು ಕಣಮ್ಮ ಅಂದ್ರು. ಜೋಡಿಸಿದ್ದು ಅಂದೆ. ನೀನು ಬಾಯಿ ಮುಚ್ಚಂಡಿರು ಅಂದ್ರು. ಅವತ್ತಿಂದ ನಂಗೆ ನಿದ್ದೆ ಇಲ್ಲ. ಸೋಮವಾರ ಕಮಿಷನರ್ ಮುಂದೆ ನಾನೇ ಹೇಳ್ಬುಡ್ತೀನಿ."

ಇರಬಹುದು, ಎಂದುಕೊಂಡ ಭೀಮರಾಜು. ಇಲ್ಲದೆಯೂ ಇರಬಹುದು. ಕಂಪ್ಯೂಟರು ಕಳುವಾದ ಮೇಲೆ ಹಾಗೆ ಹೇಳುವುದು ಕಷ್ಟವಲ್ಲ. ಅವಳ ಕಣ್ಣಿನಲ್ಲಿ ಹೆದರಿಕೆ ಇತ್ತು, ಆದರೆ ಅದು ಬೀಗದ ಹೆದರಿಕೆಯೋ ಬೇರೆಯದೋ ಎಂದು ತಿಳಿಯುವ ದಾರಿ ಅವನಿಗೆ ಕಾಣಲಿಲ್ಲ.

"ಫೋಟೋ ಮಾಡ್ಕೊಟ್ಟೋರು ಯಾರು?"

"ಚಿಕ್ಕಣ್ಣ ಅಂತ. ಮಾತೇ ಆಡಲ್ಲ ಆಯಪ್ಪ. ವರ್ಷಕ್ಕೊಂದ್ಸಲ ಹೋಗ್ತೀನಿ, ಪುಣ್ಯಸ್ಮರಣೆಗೆ ಪೇಪರಿಗೆ ಹಾಕ್ಸಕ್ಕೆ. ನಾನು ಬಾಯಿ ಬುಡೋದ್ರೊಳಗೆ ತೆಗೆದು ಕೈಗೆ ಕೊಡ್ತಾರೆ."

ಮಧ್ಯಾಹ್ನ ಸ್ಟುಡಿಯೋದಲ್ಲಿ ಚಿಕ್ಕಣ್ಣ ಸಿಕ್ಕಿದ. ನಲವತ್ತೈದರ ಸಣಕಲು ಮನುಷ್ಯ, ದಪ್ಪ ಕನ್ನಡಕ. ಮದುವೆಯಾಗಿರಲಿಲ್ಲ. ಹೊಸ ಕಂಪ್ಯೂಟರಿನ ಮುಂದೆ, ನೆಂಟರ ಮನೆಗೆ ಬಂದವನಂತೆ ಕುರ್ಚಿಯ ತುದಿಯಲ್ಲಿ ಕೂತಿದ್ದ.

"ನಿನ್ನೆ ಎಲ್ಲಿದ್ರಿ?"

"ಊರಲ್ಲಿ. ಹಂದನಕೆರೆ ಹತ್ರ. ತೋಟದಲ್ಲಿ ಕಾಯಿ ಕೀಳಿಸ್ತಿದ್ವಿ."

"ಪೂರ್ತಿ ದಿನ?"

"ಹೂಂ."

"ಸುನಂದಾ ಅವರ ಫೋಟೋ ಬೇರೆ ಕಂಪ್ಯೂಟರಲ್ಲಿ ಇಲ್ವಾ?"

"ಇಲ್ಲ. ಹಳೇದ್ರಲ್ಲೇ ಇತ್ತು."

"ಕಮಿಷನರ್ ಅದನ್ನ ತೆಗೆದು ನೋಡಿದ್ರೆ ಏನು ಕಾಣ್ತಿತ್ತು?"

ಚಿಕ್ಕಣ್ಣ ಸ್ವಲ್ಪ ತಡೆದು ಹೇಳಿದ. "ಪದರ ಪದರ ಇರ್ತದೆ ಸಾರ್. ಆಯಮ್ಮಂದು ಒಂದು, ಮುಖ ಒಂದು, ಹಾರ ಒಂದು, ಹಿಂದಿನ ಪರದೆ ಒಂದು. ಒಂದೊಂದೇ ಮುಚ್ಚಿ ಒಂದೊಂದೇ ತೆಗೆದು ನೋಡ್ಬೋದು."

"ಅಂದ್ರೆ ಗುಟ್ಟೆಲ್ಲ ಆಚೆಗೆ."

ಚಿಕ್ಕಣ್ಣ ಹೊಸ ಕಂಪ್ಯೂಟರಿನ ಕಡೆಗೆ ತಿರುಗಿಕೊಂಡ.

ಶನಿವಾರ ಬೆಳಿಗ್ಗೆ ಮೇಲಿನವರಿಂದ ಫೋನು ಬಂತು. ಶಂಭುಲಿಂಗಯ್ಯ ಅಲ್ಲಿಗೂ ಹೋಗಿದ್ದರು. ಇಷ್ಟು ಸಣ್ಣ ಕೇಸಿಗೆ ಇಷ್ಟು ದಿನ ಯಾಕೆ, ಆ ಹೆಂಗಸನ್ನು ಕರೆಸಿ ಕೇಳೋಕೆ ಏನು ತೊಂದರೆ, ಎಂದು ಆ ಕಡೆಯ ದನಿ ಕೇಳಿತು. ಭಾನುವಾರ ಸಂಜೆಯ ತನಕ ಬಿಡಿ ಸಾರ್, ಎಂದ ಭೀಮರಾಜು.

ಸ್ಟುಡಿಯೋ ಎದುರಿನ ಬಟ್ಟೆ ಅಂಗಡಿಯ ಕ್ಯಾಮೆರಾದಲ್ಲಿ ಗುರುವಾರ ಮಧ್ಯಾಹ್ನದ ಎರಡು ಗಂಟೆಗಳು ಇದ್ದವು. ಗುರುಶಾಂತಮ್ಮ ಅದನ್ನು ಶುಕ್ರವಾರವೇ ನೋಡಿ ಮುಗಿಸಿದ್ದಳು. ಸ್ಟುಡಿಯೋದ ಬಾಗಿಲು ಕಾಣುವುದಿಲ್ಲ, ಪಕ್ಕದ ಸಂದಿಯ ಬಾಯಿ ಮಾತ್ರ ಕಾಣುತ್ತದೆ. ಜನ ಹೋಗುತ್ತಾರೆ, ಬರುತ್ತಾರೆ.

"ಏನೂ ಇಲ್ಲ ಸಾರ್. ಅವತ್ತು ಹರಾಜಿನ ದಿನ, ಬರೀ ಕೊಬ್ಬರಿ ಚೀಲದೋರೇ."

ಭೀಮರಾಜು ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಮತ್ತೊಮ್ಮೆ ಹಾಕಿಸಿದ. ಸಂದಿಯಿಂದ ಒಬ್ಬ ಹೊರಗೆ ಬಂದ. ತಲೆಗೆ ಟವೆಲ್ ಸುತ್ತಿ ಮುಖದ ಮೇಲೆ ಇಳಿಬಿಟ್ಟಿದ್ದ. ಹೆಗಲ ಮೇಲೆ ಗೋಣಿಚೀಲ. ಪರದೆಯ ಎಡಕ್ಕೆ ಹೋಗಿ ಮರೆಯಾದ.

"ಎಡಕ್ಕೆ ಏನೈತೆ ಗುರುಶಾಂತಮ್ಮ?"

"ಬಸ್ ಸ್ಟ್ಯಾಂಡು."

"ಮಾರ್ಕೆಟ್ ಯಾರ್ಡು?"

"ಬಲಕ್ಕೆ..." ಎಂದವಳು ಅಲ್ಲೇ ನಿಂತಳು. ಆಮೇಲೆ ನಿಧಾನವಾಗಿ, "ಥೂ, ನನ್ ಕಣ್ಣಿಗೆ ಏನಾಗಿತ್ತು," ಎಂದಳು.

ಊರುಗಳಿಂದ ಕೊಬ್ಬರಿ ತಿಪಟೂರಿಗೆ ಬರುತ್ತದೆ. ತಿಪಟೂರಿನಿಂದ ಯಾವ ಊರಿಗೂ ವಾಪಸ್ ಹೋಗುವುದಿಲ್ಲ. ರೇಟು ಬಿದ್ದರೆ ರೈತ ಚೀಲವನ್ನು ಮಂಡಿಯಲ್ಲೇ ಬಿಟ್ಟು ಬೈದುಕೊಂಡು ಬಸ್ಸು ಹತ್ತುತ್ತಾನೆಯೇ ಹೊರತು ಹೊತ್ತುಕೊಂಡು ಹೋಗುವುದಿಲ್ಲ. ಹರಾಜಿನ ದಿನ ಚೀಲ ಹೊತ್ತವನನ್ನು ಯಾರೂ ತಿರುಗಿ ನೋಡುವುದಿಲ್ಲ ಎಂದು ಲೆಕ್ಕ ಹಾಕಿದವನು ಈ ನೆಲದವನೇ. ದಿಕ್ಕು ಮಾತ್ರ ಮರೆತಿದ್ದ.

ಬಸ್ ಸ್ಟ್ಯಾಂಡಿನಲ್ಲಿ ಹುಳಿಯಾರು, ಹಂದನಕೆರೆ, ತುರುವೇಕೆರೆ ಕಡೆಯ ಕಂಡಕ್ಟರುಗಳನ್ನು ಒಬ್ಬೊಬ್ಬರನ್ನೇ ಕೇಳುತ್ತ ಹೋದರು. ಮಧ್ಯಾಹ್ನ ಮೂರರ ಹಂದನಕೆರೆ ಬಸ್ಸಿನ ಕಂಡಕ್ಟರು, ಕೇಳುವುದನ್ನೇ ಕಾಯುತ್ತಿದ್ದವನಂತೆ ನಕ್ಕ.

"ಅಯ್ಯೋ, ಮರೆಯೋ ಗಿರಾಕಿನಾ ಸಾರ್? ಟಾಪಿಗೆ ಹಾಕಪ್ಪ ಅಂದ್ರೆ ಹಾಕ್ಲಿಲ್ಲ. ಚೀಲಾನ ಎರಡು ಕಾಲ್ ಮಧ್ಯೆ ಇಟ್ಕಂಡು, ಗುಂಡಿ ಬಂದಾಗೆಲ್ಲ ಕೂಸು ಹಿಡ್ಕಂಡಂಗೆ ತಬ್ಬಿ ಹಿಡ್ಕತಿದ್ದ. ಏನಣ್ಣ, ತಿಪಟೂರು ಕೊಬ್ಬರಿನ ಊರಿಗೆ ತಗಂಡು ಹೋಯ್ತಿದ್ದೀಯ ಅಂದೆ. ಬಿತ್ತನೆ ಕಾಯಿ ಅಂದ. ಮೂಲೆ ಮೂಲೆ ಚೂಪಿರೋ ಬಿತ್ತನೆ ಕಾಯಿ ನಾನೆಲ್ಲೂ ಕಾಣೆ."

"ಎಲ್ಲಿ ಇಳಿದ?"

"ಹಂದನಕೆರೆಗೆ ಇನ್ನೊಂದು ಸ್ಟಾಪ್ ಐತೆ ಅನ್ನಂಗೆ, ಆಲದ ಮರದತ್ರ."

ಗುರುಶಾಂತಮ್ಮ ಮೊಬೈಲಿನಲ್ಲಿ, ಸ್ಟುಡಿಯೋದ ಆಯುಧಪೂಜೆಯ ದಿನ ತೆಗೆದ ಒಂದು ಗುಂಪಿನ ಫೋಟೋ ತೋರಿಸಿದಳು. ಕಂಡಕ್ಟರಿನ ಬೆರಳು ಹುಡುಕಾಡದೆ ದಪ್ಪ ಕನ್ನಡಕದವನ ಮೇಲೆ ನಿಂತಿತು.

ಭಾನುವಾರ, ಆಗಸ್ಟ್ 11. ಬೆಳಿಗ್ಗೆ ಒಂಬತ್ತಕ್ಕೆ ಜೀಪು ಆಲದ ಮರದ ಹತ್ತಿರ ತಿರುಗಿತು. ಊರಿನ ಇಬ್ಬರನ್ನು ಪಂಚರಾಗಿ ಕರೆದುಕೊಂಡು, ಶೋಧನೆಯ ವಿಡಿಯೊ ತೆಗೆಯಲು ಒಬ್ಬ ಕಾನ್‌ಸ್ಟೇಬಲನ್ನು ಮುಂದೆ ಬಿಟ್ಟು, ಅವರು ಚಿಕ್ಕಣ್ಣನ ಮನೆಗೆ ಬಂದರು. ಅಂಗಳದಲ್ಲಿ ಅವನ ತಾಯಿ ಮರಿಯಮ್ಮ ಒಬ್ಬಳೇ ಇದ್ದಳು. ಪೊಲೀಸರನ್ನು ನೋಡಿ ಸೆರಗು ಸರಿಮಾಡಿಕೊಂಡಳು.

"ಚಿಕ್ಕಣ್ಣ ಎಲ್ಲಮ್ಮ?"

"ತೋಟದ ಕಡೀಕೆ ಹೋದ. ಏನಾಯ್ತು ಸ್ವಾಮಿ?"

ಭೀಮರಾಜು ಉತ್ತರ ಕೊಡದೆ ಸೂರಿನ ಕೆಳಗೆ ನೋಡುತ್ತಿದ್ದ. ಅಲ್ಲಿ ಸಿಪ್ಪೆ ಸಮೇತ ತೆಂಗಿನಕಾಯಿಗಳನ್ನು ಒಂದರ ಪಕ್ಕ ಒಂದು ಒತ್ತಾಗಿ, ನೀಟಾಗಿ ಹರಡಿತ್ತು. ಸಿಪ್ಪೆ ಕಂದು ತಿರುಗಿತ್ತು, ಹೊಗೆಯ ವಾಸನೆ ಇತ್ತು. ಈಗ ತಾನೇ ಮರದಿಂದ ಕಿತ್ತ ಕಾಯಿಗಳಲ್ಲ, ಅಟ್ಟದಿಂದ ಇಳಿಸಿದ್ದು. ಅವನು ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. ಒಳಗೆ ನೀರು ಸದ್ದು ಮಾಡಿತು.

ತುರುವೇಕೆರೆ ಕಡೆಯ ಮನೆಯೊಂದರಲ್ಲಿ ಇಂಥದೇ ಅಟ್ಟದ ಕೆಳಗೆ ಮಲಗಿ ಬೆಳೆದವನು ಭೀಮರಾಜು. ಅಟ್ಟಕ್ಕೆ ಹಾಕಿದ ಕಾಯಿಯನ್ನು ನೀರು ಪೂರ್ತಿ ಇಂಗಿ ಒಳಗೆ ಗಿಟುಕು, ಅಂದರೆ ಒಣಗಿದ ಇಡೀ ಕೊಬ್ಬರಿ, ಚಿಪ್ಪಿನಿಂದ ಬಿಟ್ಟುಕೊಳ್ಳುವ ತನಕ, ಹೆಚ್ಚುಕಡಿಮೆ ವರ್ಷದವರೆಗೆ, ಯಾರೂ ಮುಟ್ಟುವುದಿಲ್ಲ. ಮುಟ್ಟಿದರೆ ಕೊಬ್ಬರಿ ಕೆಡುತ್ತದೆ ಎಂದು ಮಕ್ಕಳನ್ನೂ ಅತ್ತ ಬಿಡುವುದಿಲ್ಲ. ಊರಿನಲ್ಲಿ ಏನನ್ನಾದರೂ ಬಚ್ಚಿಡಬೇಕೆಂದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

"ಅರ್ಧಕ್ಕೆ ಯಾಕಮ್ಮ ಇಳಿಸಿದ್ರಿ?"

"ನಾನೆಲ್ಲಿ ಇಳಿಸ್ಲಿ ಸ್ವಾಮಿ, ನನ್ ಮಗ ಇಳಿಸ್ದ. ತೊಲೇಗೆ ಗೆದ್ದಲು ಬಿದ್ದೈತೆ ಅಂದ. ಎಲ್ಲೋ, ತೋರ್ಸು ಅಂದ್ರೆ ತೋರಿಸ್ಲಿಲ್ಲ. ಅಟ್ಟ ಹತ್ತಿ ಕೂತ್ಕತಾನೆ, ಕರೆದ್ರೆ ಇಳಿಯಲ್ಲ. ಉಂಡಿಲ್ಲ, ತಿಂದಿಲ್ಲ. ಗುರುವಾರದಿಂದ ಇದೇ ಆಯ್ತು."

ಏಣಿ ಹಾಕಿದರು. ಕತ್ತಲ ಅಟ್ಟದಲ್ಲಿ ಬಾಕಿ ಕಾಯಿಗಳ ರಾಶಿಯ ಹಿಂದೆ, ಖಾಲಿ ಮಾಡಿದ ಒಂದಿಷ್ಟು ಜಾಗದಲ್ಲಿ, ಹಳೇ ಕಂಬಳಿ ಹೊದ್ದುಕೊಂಡು ಅದು ನಿಂತಿತ್ತು. ಕಾನ್‌ಸ್ಟೇಬಲನ ಮೊಬೈಲಿನ ಬೆಳಕಿನಲ್ಲಿ ಕಂಬಳಿ ಸರಿಸಿದಾಗ ಬೆಳ್ಳಿಬಣ್ಣದ ಮೈ ಹೊಳೆಯಿತು. ಒಂದು ಗೀರೂ ಬಿದ್ದಿರಲಿಲ್ಲ. ಅದನ್ನು ಕಾಯಿಗಳ ಮೇಲೆ ಇಟ್ಟಿದ್ದರೆ, ಅಥವಾ ಕಾಯಿಗಳನ್ನು ಒತ್ತರಿಸಿ ಎಲ್ಲೋ ತುರುಕಿದ್ದರೆ, ಅಂಗಳದಲ್ಲಿ ಯಾವ ಸುಳಿವೂ ಇರುತ್ತಿರಲಿಲ್ಲ. ಕಾಯಿಯನ್ನಾಗಲಿ ಕಂಪ್ಯೂಟರನ್ನಾಗಲಿ ಕೆಡಿಸಲು ಅವನಿಗೆ ಮನಸ್ಸು ಬಂದಿರಲಿಲ್ಲ.

ಕಂಪ್ಯೂಟರಿನ ಪಕ್ಕದ ಮುಚ್ಚಳ ತೆರೆದಿತ್ತು. ಸೂರ್ಯಪ್ರಕಾಶ್ ಹೇಳಿಕೊಟ್ಟಿದ್ದ ಜಾಗಕ್ಕೆ ಭೀಮರಾಜು ಕಣ್ಣು ಹಾಯಿಸಿದ. ಹಾರ್ಡ್ ಡಿಸ್ಕ್ ಕೂರುವ ಗೂಡು ಖಾಲಿ.

"ಸಾರ್," ಎಂದಳು ಕೆಳಗಿನಿಂದ ಗುರುಶಾಂತಮ್ಮ, "ತೋಟದಲ್ಲಿ ಬಾವಿ ಐತಂತೆ."

ಅವರು ಓಡಲಿಲ್ಲ. ಓಡಿದರೆ ಸದ್ದಾಗುತ್ತದೆ, ಸದ್ದಿಗೆ ಮನುಷ್ಯ ಬೆಚ್ಚುತ್ತಾನೆ. ಸೋಗೆಗಳ ನೆರಳಿನಲ್ಲಿ ಪಾತಿಗಳನ್ನು ದಾಟುತ್ತ ನಡೆದರು. ಹಳೇ ಬಾವಿಯ ಕಲ್ಲುಕಟ್ಟೆಯ ಮೇಲೆ ಚಿಕ್ಕಣ್ಣ ಕಾಲು ಒಳಗೆ ಇಳಿಬಿಟ್ಟು ಕೂತಿದ್ದ. ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಡಿಸ್ಕು. ಕೈ ನೀರಿನ ಮೇಲಿತ್ತು.

ಭೀಮರಾಜು ಇಪ್ಪತ್ತು ಹೆಜ್ಜೆ ಈಚೆಗೇ ನಿಂತ. ಅದು ನೀರಿಗೆ ಬಿದ್ದರೆ ಕೋರ್ಟಿಗೆ ತೋರಿಸಲು ಏನೂ ಉಳಿಯುವುದಿಲ್ಲ. ಸುನಂದಾಳ ಕಡೆಯವರೇ ಕದಿಸಿ ಹಾಳು ಮಾಡಿಸಿದರು ಎಂದು ಶಂಭುಲಿಂಗಯ್ಯ ಊರೆಲ್ಲ ಸಾರುತ್ತಾರೆ. ಇನ್ನು ಅದರ ಜೊತೆಗೆ ಈ ಮನುಷ್ಯನೂ ಬಿದ್ದರೆ?

"ಚಿಕ್ಕಣ್ಣ, ಶೆಟ್ಟಿಕೆರೆಗೆ ಹೋಗಿದ್ದೆ."

ಅವನು ತಿರುಗಲಿಲ್ಲ.

"ತೋಟದ ಬಾಗಿಲಲ್ಲಿ ಇಬ್ಬರು ಬೀಗ ಹಿಡ್ಕಂಡು ಕಾಯ್ತಾವ್ರೆ. ಇದು ಸಿಗದೆ ಹೋದ್ರೆ ನಾನು ಇವತ್ತು ಸಂಜೆ ಆಯಮ್ಮನ್ನ ಠಾಣೆಗೆ ಕರೀಬೇಕು. ಆಯಮ್ಮ ಹೊಸ್ತಿಲು ದಾಟ್ತಿದ್ದಂಗೆ ಬೀಗ ಬೀಳ್ತದೆ."

ಎಲ್ಲೋ ಒಂದು ಸೋಗೆ ಕಳಚಿ ಬಿತ್ತು.

"ಇದಿದ್ರೆ ಅವರ ಕೇಸ್ ಹೋಯ್ತದೆ ಅಂತ ತಂದೆ ಸಾರ್," ಎಂದ ಚಿಕ್ಕಣ್ಣ.

"ಜೋಡಿಸಿದ್ದು ಅಂತ ಅವರೇ ನನ್ನ ಮುಂದೆ ಹೇಳಿದ್ರು. ನಾಳೆ ಕಮಿಷನರಿಗೂ ಹೇಳ್ತಾರಂತೆ."

ಆಗ ಅವನು ತಿರುಗಿದ. ಕನ್ನಡಕದ ಹಿಂದಿನ ಕಣ್ಣುಗಳು ಅರ್ಥವಾಗದಂತೆ ಭೀಮರಾಜುವನ್ನೇ ನೋಡುತ್ತಿದ್ದವು. ಆಮೇಲೆ ಕೈ ಹಿಂದಕ್ಕೆ ಬಂತು. ಗುರುಶಾಂತಮ್ಮ ಮೆಲ್ಲಗೆ ಹೋಗಿ, ಕಂಕುಳಿಗೆ ಕೈ ಹಾಕಿ ಅವನನ್ನು ಕಟ್ಟೆಯಿಂದ ಇಳಿಸಿಕೊಂಡಳು. "ಏಳಪ್ಪ, ನಿಮ್ಮವ್ವ ಉಣ್ಣದೆ ಕಾಯ್ತಾ ಕೂತವ್ಳೆ," ಎಂದಳು.

ಅಂಗಳದಲ್ಲಿ ಜಪ್ತಿ ಪಂಚನಾಮೆ ಮುಗಿಯಿತು. ಪಂಚರು ಸಹಿ ಹಾಕಿದರು. ಹನ್ನೊಂದೂವರೆಗೆ ದಸ್ತಗಿರಿ. ಮೊಕದ್ದಮೆಗೆ ನೌಕರನಿಂದ ಕಳವು, ಸಾಕ್ಷ್ಯವಾಗುವ ದಾಖಲೆಯ ಮರೆಮಾಚುವಿಕೆ ಎಂಬ ಇನ್ನೆರಡು ಕಲಮುಗಳು ಸೇರಿದವು. ಭೀಮರಾಜು ಜೀಪಿನಿಂದಲೇ ಶಂಭುಲಿಂಗಯ್ಯನವರಿಗೆ ಫೋನು ಮಾಡಿ, ಕದ್ದವನು ಸಿಕ್ಕಿದ್ದಾನೆ, ಅವನಿಗೂ ಸುನಂದಾಗೂ ಸಂಚಿತ್ತು ಎಂಬುದಕ್ಕೆ ಏನೂ ಇಲ್ಲ, ತೋಟದ ಹತ್ತಿರದಿಂದ ಜನರನ್ನು ಕರೆಸಿಕೊಳ್ಳಿ ಎಂದ. ಒಂದು ಗಂಟೆಯ ಮೇಲೆ ಸುನಂದಾಳೇ ಗುರುಶಾಂತಮ್ಮನಿಗೆ ಫೋನು ಮಾಡಿ ಬೈಕು ಹೋಯಿತು ಎಂದು ತಿಳಿಸಿದಳು.

ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವಾಗ ಭೀಮರಾಜುವನ್ನು ಒಂದು ಪ್ರಶ್ನೆ ಬಿಡಲಿಲ್ಲ. ಗುರುಶಾಂತಮ್ಮ ಟೀ ಹೇಳಲು ಎದ್ದು ಹೋದಾಗ ಅವನು ಕೇಳಿದ.

"ಅಷ್ಟು ಭಾರ ಹೊತ್ತು ಯಾಕೆ ತಂದ್ರಿ? ಕೂತ ಕಡೆಯಿಂದಲೇ ಆ ಒಂದು ಫೈಲ್ ಅಳಿಸಿದ್ರೆ ಮುಗೀತಿತ್ತು."

"ಅಳಿಸಿದ್ದನ್ನ ವಾಪಸ್ ತೆಗೀಬೋದು ಸಾರ್."

"ಬಾವಿಗೆ ಹಾಕಿದ್ದನ್ನ?"

ಚಿಕ್ಕಣ್ಣ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ.

"ಗುರುವಾರದಿಂದ ಬಾವಿ ಪಕ್ಕದಲ್ಲೇ ಇತ್ತಲ್ಲ."

"ದಿನಾ ಹೋಯ್ತಿದ್ದೆ ಸಾರ್. ಹೋಗಿ ಕೂತ್ಕಂಡು ವಾಪಸ್ ಬತ್ತಿದ್ದೆ." ಅವನು ಮೇಜಿನ ಅಂಚು ನೋಡುತ್ತಿದ್ದ. "ಆಯಮ್ಮ ತಂದಿದ್ದು ಮುಖ ಒಂದೇ. ನಮ್ಮತ್ರ ಕೋಟು ಹಾಕಿರೋ ಮೈಗಳು ರೆಡಿ ಇರ್ತವೆ, ಯಾರ ಮುಖ ಬೇಕಾದ್ರೂ ಕೂರಿಸ್ಬೋದು. ತೋರಿಸ್ದೆ. ಅವರು ಯಾವತ್ತೂ ಕೋಟು ಹಾಕ್ದೋರಲ್ಲ, ಬಿಳಿ ಅಂಗಿ, ಹೆಗಲ ಮೇಲೊಂದು ಟವೆಲ್ಲು ಅಂದ್ರು. ಅಂಥಾದ್ದು ಎಲ್ಲೂ ಸಿಗ್ಲಿಲ್ಲ. ಮಾಲೀಕ್ರು ಊಟಕ್ಕೆ ಹೋದಾಗ ನಾನೇ ಬಿಳಿ ಅಂಗಿ ಹಾಕ್ಕಂಡು, ಕ್ಯಾಮೆರಾಗೆ ಟೈಮರ್ ಇಟ್ಟು ನಿಂತ್ಕಂಡೆ. ಪಕ್ಕದಲ್ಲಿ ಆಯಮ್ಮ ಬತ್ತಾರಲ್ಲ ಅಂತ ಒಂದು ಆಳಿನ ಜಾಗ ಬಿಟ್ಟು ನಿಂತೆ."

ಹೊರಗೆ ಯಾರೋ ಸ್ಕೂಟರ್ ನಿಲ್ಲಿಸಿದರು. ಭೀಮರಾಜುವಿನ ಪೆನ್ನು ಹಾಳೆಯ ಮೇಲೆ ಅಲ್ಲೇ ನಿಂತಿತ್ತು.

"ಪದರ ತೆಗೆದು ತೋರಿಸೋದು ಅಂದ್ರೆ ಎಲ್ಲರ ಮುಂದೆ ನಾನು ತಲೆ ಇಲ್ದೆ ನಿಂತಿರ್ತೀನಿ. ಅದು ಬ್ಯಾಡ ಅನ್ನಿಸ್ತು. ಅಳಿಸೋಣ ಅಂದ್ರೆ ಅದೂ ಆಗ್ಲಿಲ್ಲ. ಇಬ್ರೂ ಜೊತೇಲಿರೋದು ಅದೊಂದೇ ಕಡೆ."

"ಅವರಿಗೆ ಗೊತ್ತಾ?"

"ಇಲ್ಲ."

"ಆ ಪದರಕ್ಕೆ ಏನಂತ ಹೆಸರಿಟ್ಟಿದ್ದೀರಿ?"

"ಬಾಡಿ ಅಂತ. ಅಷ್ಟೇ." ಅವನು ತಲೆ ಎತ್ತಿ ಕೇಳಿದ, "ಇದನ್ನ ಬರೀಬೇಕಾ ಸಾರ್?"

ಗುರುಶಾಂತಮ್ಮ ಟೀ ಲೋಟಗಳನ್ನು ಹಿಡಿದು ಒಳಗೆ ಬಂದಳು. ಭೀಮರಾಜು ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡು, 'ಗಂಡಸಿನ ದೇಹದ ಭಾಗವನ್ನು ಬೇರೊಂದು ಫೋಟೋದಿಂದ ತೆಗೆದುಕೊಂಡು ಜೋಡಿಸಿರುತ್ತೇನೆ' ಎಂದು ಬರೆದ. ಅದು ಸುಳ್ಳಲ್ಲ.

ಸೋಮವಾರ ಬೆಳಿಗ್ಗೆಯೇ ಕಮಿಷನರ್ ಸ್ಟುಡಿಯೋಗೆ ಬಂದರು. ಕಂಪ್ಯೂಟರು ಪೊಲೀಸರ ಜಪ್ತಿಯಲ್ಲಿರುವುದರಿಂದ ಪರಿಶೀಲನೆ ಮುಂದಕ್ಕೆ ಹೋಯಿತು. ಆದರೆ ಸುನಂದಾ, ವಕೀಲರು ಬೇಡವೆಂದು ಕಣ್ಸನ್ನೆ ಮಾಡುತ್ತಿದ್ದರೂ ಕೇಳದೆ, ಫೋಟೋ ಜೋಡಿಸಿದ್ದು ಎಂದು ಹೇಳಿ ಬರೆಸಿದಳು. ಹಾಗಾದರೆ ಮದುವೆಯೂ ಸುಳ್ಳೇ ತಾನೇ, ಎಂದರು ಶಂಭುಲಿಂಗಯ್ಯ. "ಹನ್ನೊಂದು ವರ್ಷ ನಿಮ್ಮ ತಮ್ಮನಿಗೆ ಉಣ್ಣಕ್ಕಿಕ್ಕಿದೀನಿ ಭಾವ, ನೀವೂ ಬಂದು ಉಂಡು ಹೋಗಿದೀರ," ಎಂದಳು ಅವಳು. ಕಮಿಷನರ್ ಅದನ್ನೂ ಬರೆದುಕೊಂಡರು. ಕೇಸು ಏನಾಗುತ್ತದೋ ಕೋರ್ಟಿಗೆ ಬಿಟ್ಟದ್ದು. ಮನೆಗೆ ಮಾತ್ರ ಬೀಗ ಬೀಳಲಿಲ್ಲ.

ಅಲ್ಲಿಂದ ಅವಳು ನೇರ ತಿಪಟೂರು ಕೋರ್ಟಿಗೆ ಬಂದಳು. ನ್ಯಾಯಾಧೀಶರು ಕರೆಯುವುದನ್ನು ಕಾಯುತ್ತ ಚಿಕ್ಕಣ್ಣ ಜಗುಲಿಯ ಬೆಂಚಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಗುರುಶಾಂತಮ್ಮ. ಭೀಮರಾಜು ಕಂಬಕ್ಕೆ ಒರಗಿ ನಿಂತಿದ್ದ. ಸುನಂದಾ ಒಂದು ನಿಮಿಷ ಮಾತಾಡಬಹುದೇ ಎಂದು ಅವನನ್ನು ಕೇಳಿದಳು. ಅವನು ತಲೆಯಾಡಿಸಿದ.

"ಯಾಕ್ ಹಿಂಗ್ ಮಾಡ್ಕಂಡ್ರಿ?" ಅವಳ ದನಿಯಲ್ಲಿ ಸಿಟ್ಟಿತ್ತು. "ನಾನು ಹೇಳಿದ್ನಾ? ವಯಸ್ಸಾದ ತಾಯಿನ ಬುಟ್ಟು ಇಲ್ಲಿ ಬಂದು ಕೂತಿದೀರಲ್ಲ."

"ನಿಮ್ಗೆ ತೊಂದ್ರೆ ಆಗ್ಬಾರ್ದು ಅಂತ."

"ಆಯ್ತಲ್ಲ ಈಗ." ಅವಳ ಸಿಟ್ಟು ಇಳಿಯಿತು. "ಮುಂದಿನ ತಿಂಗಳು ಪುಣ್ಯಸ್ಮರಣೆ ಬತ್ತದೆ. ಫೋಟೋಗೆ ಯಾರತ್ರ ಹೋಗ್ಲಿ?"

"ಮನೇಲಿರೋದನ್ನೇ ಮೊಬೈಲಲ್ಲಿ ತೆಗೆಸ್ಕಳಿ. ಗೋಡೆಯಿಂದ ಇಳಿಸಿ, ನೆರಳಲ್ಲಿಟ್ಟು. ಗಾಜಿನ ಮೇಲೆ ಬೆಳಕು ಬೀಳ್ದಂಗೆ."

"ಹೂಂ."

ಒಳಗಿನಿಂದ ಹೆಸರು ಕೂಗಿದರು. ಚಿಕ್ಕಣ್ಣ ಎದ್ದು ಅಂಗಿಯ ತುದಿ ಎಳೆದುಕೊಂಡ. ಅವಳ ಮುಂದೆ ನಿಂತವನು ಒಂದು ಗಳಿಗೆ ಹಾಗೇ ನಿಂತ. ಗುರುಶಾಂತಮ್ಮ ಅವಸರ ಮಾಡಲಿಲ್ಲ. ಭೀಮರಾಜು ಬೇರೆ ಕಡೆ ನೋಡಿದ.

ಆ ಫೋಟೋದಲ್ಲಿ ಅವಳ ಪಕ್ಕ ನಿಂತಿರುವವನು ತಾನೇ ಎಂದು ಚಿಕ್ಕಣ್ಣ ಅವಳಿಗೆ ಹೇಳಲಿಲ್ಲ.